ಟರ್ಕಿಕೋಳಿಯ ಕೂಗೂ ಬೇಟೆಯ ಮುಹೂರ್ತವೂ

ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಕಾಡು ಟರ್ಕಿಕೋಳಿಯ ವಸಂತಕಾಲದ ಬೇಟೆಯನ್ನು ಯಾವ ದಿನದಲ್ಲಿ ತೆರೆಯತಕ್ಕದ್ದೆಂಬ ವಿಷಯವಾಗಿ ಕೆಲವು ವರ್ಷಗಳಿಂದ ಬಿರುಸಾದ ವಾದವು ನಡೆಯುತ್ತಲಿದೆ. ಹುಂಜವು ಕೂಗತೊಡಗಿದೊಡನೆಯೇ ಬೇಟೆಯೂ ತೊಡಗತಕ್ಕದ್ದೆಂಬುದು ಒಂದು ಪಕ್ಷ. ಹೇಂಟೆಗಳಲ್ಲಿ ಹೆಚ್ಚಿನವು ಕಾವಿಗೆ ಕುಳಿತ ಮೇಲೆ ತೊಡಗತಕ್ಕದ್ದೆಂಬುದು ಇನ್ನೊಂದು ಪಕ್ಷ. ಇವುಗಳಲ್ಲಿ ಮೊದಲನೆಯದು ಕಿವಿಗೆ ಹಿತವಾಗಿದ್ದರೂ ವಿಚಾರಕ್ಕೆ ನಿಲ್ಲತಕ್ಕದ್ದಲ್ಲವೆಂಬುದೇ ನಮ್ಮ ಅಭಿಪ್ರಾಯ.

ಏಳು ಸಮುದ್ರಗಳಾಚೆಯ ಹಕ್ಕಿಯ ಗೊಡವೆಯು ನಮ್ಮ ಜಿಲ್ಲೆಯ ಪತ್ರಿಕೆಗೇತಕ್ಕೆಂದು ವಾಚಕರು ಕೇಳಬಹುದು. ಏತಕ್ಕೆಂದರೆ, ನಮ್ಮಲ್ಲಿಯೂ ವಿದ್ಯಾವಂತರಾದ ಕೆಲವರು, ಅಮೆರಿಕದಲ್ಲಿ ಕಾಡುಪ್ರಾಣಿಗಳನ್ನುಳಿಸಿದವರು ಬೇಟೆಗಾರರೇ, ಆದಕಾರಣ ಬೇಟೆಯ ವಿಷಯದಲ್ಲಿ ಅವರಾಡಿದ್ದೇ ಶಾಸ್ತ್ರವೆಂದು ಹೇಳುತ್ತಿರುವರು. ಈ ಮಾತಿನ ಮೊದಲರ್ಧವು ನಿಜ. ನಿಜವಾದ ಅರ್ಧದ ಬೆನ್ನ ಮೇಲೆ ಕುಳಿತುಕೊಂಡು ನಿಜವಲ್ಲದ ಅರ್ಧವು ಹೊಳೆಯನ್ನು ದಾಟುತ್ತಿರುವುದು. ಅಲ್ಲದೆ, ಸಂಗಾತಿಯನ್ನು ಕರೆಯುವ ಪ್ರಾಣಿಯ ಕೂಗನ್ನೇ ಅದರ ಸಾವಿಗೆ ಗುರಿಯಾಗಿ ಮಾಡಿಕೊಳ್ಳಬಹುದೇ, ಮಾಡಿಕೊಳ್ಳಬಹುದಾದರೆ ಯಾವಾಗ, ಎಂಬ ಪ್ರಶ್ನೆಯು ನಮ್ಮ ಸಾಹಿತ್ಯಕ್ಕೆ ಹೊಸದೇನೂ ಅಲ್ಲ. ಅದನ್ನು ಮುಂದೆ ಹೇಳುವೆವು.

ಮೊದಲು ಹಕ್ಕಿಯ ವಿಚಾರ. ಟರ್ಕಿಯೆಂಬ ಹೆಸರಿದ್ದರೂ ತುರ್ಕಿ ದೇಶಕ್ಕೂ ಇದಕ್ಕೂ ಹುಟ್ಟಿನ ಸಂಬಂಧವಿಲ್ಲ. ಇದರ ತೌರು ಉತ್ತರ ಅಮೆರಿಕ. ಮೆಕ್ಸಿಕೋದ ಮೂಲನಿವಾಸಿಗಳು ಪಳಗಿಸಿದ್ದ ತಳಿಯನ್ನು ಸ್ಪೇನಿನವರು 16ನೆಯ ಶತಮಾನದ ಆರಂಭದಲ್ಲಿ ಯೂರೋಪಿಗೆ ಒಯ್ದರು. ಇಂಗ್ಲಿಷರು ಅದನ್ನು ತುರ್ಕರ ಕೋಳಿಯೆಂದರು, ತುರ್ಕರು ಅದನ್ನು ‘ಹಿಂದಿ’ಯೆಂದು ಕರೆದು ನಮ್ಮ ದೇಶದ ತಲೆಗೆ ಕಟ್ಟಿದರು, ಪೋರ್ತುಗೀಜರು ‘ಪೆರು’ ಎಂದರು. ಯಾರೂ ತಮ್ಮದೆನ್ನದ ಹಕ್ಕಿ ಇದು! ನಮ್ಮ ದೇಶಕ್ಕೆ ಇದು ಬಂದ ಬಗೆಯೂ ಸ್ವಾರಸ್ಯವಾಗಿದೆ. 1612ರಲ್ಲಿ ಮುಕರ್ರಬ್ ಖಾನನೆಂಬ ಸರದಾರನು ಗೋವೆಯಿಂದ ಒಂದು ಹುಂಜವನ್ನು ತಂದು ಜಹಾಂಗೀರ್ ಬಾದಶಹನಿಗೆ ಒಪ್ಪಿಸಿದನು. ಬಾದಶಹನು ಅದರ ತಲೆ ಕೊರಳುಗಳು ಒಮ್ಮೆ ಹವಳದಂತೆ ಕೆಂಪಾಗಿಯೂ, ಒಮ್ಮೆ ಹತ್ತಿಯಂತೆ ಬೆಳ್ಳಗೂ, ಮತ್ತೊಮ್ಮೆ ನೀಲಿಯಾಗಿಯೂ ಊಸರವಳ್ಳಿಯಂತೆ ಬದಲಾಗುವುದನ್ನು ಕಂಡು ಬೆರಗಾಗಿ ತನ್ನ ಆತ್ಮಕಥೆಯಲ್ಲಿ ಬರೆದಿಟ್ಟನು. ಆಸ್ಥಾನದ ಚಿತ್ರಕಾರನಾದ ಉಸ್ತಾದ್ ಮನ್ಸೂರನು ಅದರ ಚಿತ್ರವನ್ನು ಬರೆದನು. ಆ ಚಿತ್ರವು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿದೆ. ಬೇಟೆಯ ಹುಚ್ಚಿದ್ದ ಬಾದಶಹನೂ ಈ ಹಕ್ಕಿಯನ್ನು ಮೊದಲು ಕಂಡಾಗ ಕೋವಿಯನ್ನು ಕೇಳಲಿಲ್ಲ, ಕುಂಚವನ್ನು ಕೇಳಿದನು.

ಸಾಕಿದ ಕೋಳಿಯನ್ನು ನೋಡಿದವರು ಕಾಡಿನ ಕೋಳಿಯನ್ನು ಊಹಿಸಲಾರರು. ಕಾಡಿನ ಹುಂಜವು 16ರಿಂದ 24 ಪೌಂಡು ತೂಗುವುದಾದರೂ ಚೆನ್ನಾಗಿ ಹಾರಬಲ್ಲುದು. ರಾತ್ರಿಯನ್ನು ಎತ್ತರವಾದ ಮರದ ಕೊಂಬೆಯ ಮೇಲೆ ಕಳೆಯುವುದು. ವಸಂತವು ಬಂತೆಂದರೆ, ಇನ್ನೂ ನೆಲ ಕಾಣದ ಮುಂಬೆಳಗಿನಲ್ಲಿ, ಕುಳಿತ ಕೊಂಬೆಯಿಂದಲೇ ಅದು ಕೂಗತೊಡಗುವುದು. ಗಂಟಲೊಳಗೆ ಕಲ್ಲುಗಳು ಉರುಳಿದಂತೆ ಗಳಗಳನೆ ಹೊರಡುವ ಆ ಕೂಗು ಗಾಳಿಯಿಲ್ಲದ ಬೆಳಗಿನಲ್ಲಿ ಒಂದು ಮೈಲಿಯವರೆಗೂ ಕೇಳಿಸುವುದುಂಟು. ಈ ದಿನಗಳಲ್ಲಿ ಹುಂಜದ ಮೈಯೆಲ್ಲ ಕೂಗಿಗೆ ಸಿದ್ಧವಾಗಿರುವುದೆಂದು ತೋರುವುದು. ಗೂಬೆ ಗುಟುರು ಹಾಕಿದರೆ ಕೂಗುವುದು, ಕಾಗೆ ಕರೆದರೆ ಕೂಗುವುದು, ಗುಡುಗಿದರೆ ಕೂಗುವುದು, ಯಾರಾದರೂ ಮೋಟಾರಿನ ಬಾಗಿಲನ್ನು ಫಟ್ಟೆಂದು ಮುಚ್ಚಿದರೂ ಕೂಗುವುದು! ಬೇಟೆಗಾರರು ಸಂಜೆ ಮುಂಜಾವುಗಳಲ್ಲಿ ಗೂಬೆಯ ದನಿಯನ್ನು ಅನುಕರಿಸಿ, ಹುಂಜವು ಕುಳಿತ ಮರ ಯಾವುದೆಂದು ಅದರ ಬಾಯಿಂದಲೇ ಹೇಳಿಸಿಕೊಳ್ಳುವರು.

ನೆಲಕ್ಕಿಳಿದ ಹುಂಜವು ಬಾಲದ ಗರಿಗಳನ್ನು ಬೀಸಣಿಗೆಯಂತೆ ಬಿಚ್ಚಿ, ರೆಕ್ಕೆಯ ತುದಿಗಳನ್ನು ನೆಲಕ್ಕೆ ತಾಗಿಸಿ, ಗತ್ತಿನಿಂದ ಸುಳಿದಾಡುವುದು. ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಪ್ರಕೃತಿಯ ಕ್ರಮದಲ್ಲಿ ಹುಂಜವು ನಿಂತಲ್ಲಿ ನಿಂತು ಕೂಗುವುದು. ಹೇಂಟೆಯು ಆ ಕೂಗನ್ನರಸಿಕೊಂಡು ಅದರ ಬಳಿಗೆ ಹೋಗುವುದು. ಸ್ವಯಂವರದಲ್ಲಿ ಮಾಲೆಯು ಹೇಂಟೆಯ ಕೈಯಲ್ಲಿರುವುದು. ಬೇಟೆಗಾರನು ಮಾಡುವುದು ಇದಕ್ಕೆ ತಿರುವುಮುರುವು. ಮರದ ಪೆಟ್ಟಿಗೆಯನ್ನು ಉಜ್ಜಿಯೋ, ಸ್ಲೇಟಿನ ಚೂರಿನ ಮೇಲೆ ಕಡ್ಡಿಯನ್ನೆಳೆದೋ, ಅಂಗುಳಿಗೆ ಒತ್ತಿಟ್ಟ ತೆಳುಪೊರೆಯನ್ನೂದಿಯೋ ಅವನು ಹೇಂಟೆಯ ಕರೆಯನ್ನು ಮಾಡುತ್ತ, ತಾನು ಮರದ ಬುಡಕ್ಕೆ ಒರಗಿ ಕುಳಿತು, ಹುಂಜವೇ ಹೇಂಟೆಯ ಬಳಿಗೆ ಬರುವಂತೆ ಮಾಡಲೆಳಸುವನು. ಆದಕಾರಣವೇ ಈ ಬೇಟೆಯು ಕಷ್ಟವೆಂದು ಹೆಸರಾದುದು. ಗಂಟೆಗಟ್ಟಲೆ ಕೂಗಿ ಉತ್ತರ ಕೊಟ್ಟರೂ ಒಂದು ಹೆಜ್ಜೆ ಮುಂದಿಡದ ಹುಂಜಗಳ ಕಥೆಗಳನ್ನು ಹೇಳದ ಬೇಟೆಗಾರನಿಲ್ಲ. ಇದರಲ್ಲಿ ಕುಶಲತೆಯೂ ಸೈರಣೆಯೂ ಇರುವುವೆಂದು ಒಪ್ಪಿಕೊಳ್ಳಲು ನಮಗೆ ಯಾವ ಸಂಕೋಚವೂ ಇಲ್ಲ.

ಇನ್ನು ಆ ನಿಜವಾದ ಮೊದಲರ್ಧವನ್ನು ಹೇಳಿಬಿಡೋಣ. ಕಾಡುಗಳನ್ನು ಕಡಿದು, ಹಕ್ಕಿಯನ್ನು ವರುಷವಿಡೀ ಕೊಂದು ಪೇಟೆಗೆ ಮಾರಿ, ಅಮೆರಿಕದವರು 20ನೆಯ ಶತಮಾನದ ಆರಂಭದ ಹೊತ್ತಿಗೆ ಇದನ್ನು ಎಷ್ಟೋ ಸಂಸ್ಥಾನಗಳಲ್ಲಿ ನಿರ್ನಾಮ ಮಾಡಿದ್ದರು. ಮ್ಯಾಸಚೂಸೆಟ್ಸ್ ಸಂಸ್ಥಾನದ ಕಡೆಯ ಕಾಡುಟರ್ಕಿಯು 1851ರಲ್ಲಿ ಮೌಂಟ್ ಟಾಮ್ ಎಂಬ ಬೆಟ್ಟದಲ್ಲಿ ಸತ್ತಿತು. 1937ರಲ್ಲಿ ಕೋವಿ ಮದ್ದುಗುಂಡುಗಳ ಮೇಲಿನ ಸುಂಕವನ್ನು ಕಾಡುಪ್ರಾಣಿಗಳ ರಕ್ಷಣೆಗೆ ಮೀಸಲಿಡುವ ಕಾನೂನು ಬಂದಿತು. ಆ ಸುಂಕವನ್ನು ತೆತ್ತವರು ಬೇಟೆಗಾರರು. ಮೊದಮೊದಲು ಸಾಕಿ ಬೆಳೆಸಿದ ಮರಿಗಳನ್ನು ಕಾಡಿಗೆ ಬಿಟ್ಟು ನೋಡಿದರು. ತಾಯಿಯಿಂದ ಕಾಡಿನ ಪಾಠವನ್ನು ಕಲಿಯದ ಆ ಮರಿಗಳು ನರಿ ಹದ್ದುಗಳ ಪಾಲಾದುವು. 1951ರಲ್ಲಿ ದಕ್ಷಿಣ ಕೆರೊಲಿನಾದಲ್ಲಿ, ಸಿಡಿಮದ್ದಿನಿಂದ ಬಲೆಯನ್ನು ಹಾರಿಸಿ ಕಾಡುಹಕ್ಕಿಗಳನ್ನೇ ಹಿಡಿಯುವ ಉಪಾಯವು ಫಲಿಸಿತು. ಹಾಗೆ ಹಿಡಿದವುಗಳನ್ನು ಬರಿದಾದ ಕಾಡುಗಳಿಗೆ ಸಾಗಿಸಿದರು. ಮ್ಯಾಸಚೂಸೆಟ್ಸಿಗೆ 1972–73ರಲ್ಲಿ ನ್ಯೂಯಾರ್ಕಿನಿಂದ ಒಯ್ದ ಹಕ್ಕಿಗಳು 37. ಅವುಗಳ ಸಂತತಿಯು ಈಗ ಬೋಸ್ಟನ್ನಿನ ಸುತ್ತಣ ಬಡಾವಣೆಗಳ ಬೀದಿಗಳಲ್ಲಿ ಓಡಾಡುತ್ತ, ಅಲ್ಲಿ ನೆಲಸಿರುವ ನಮ್ಮ ಕನ್ನಡಿಗರ ಮೋಟಾರುಗಳನ್ನೂ ತಡೆದು ನಿಲ್ಲಿಸುವಷ್ಟು ಬೆಳೆದಿದೆ. ದೇಶವೆಲ್ಲಕ್ಕೆ 1973ರಲ್ಲಿ ಸುಮಾರು 13 ಲಕ್ಷವೆಂದು ಅಂದಾಜಾಗಿದ್ದುದು ಈ ಶತಮಾನದ ಮೊದಲ ವರ್ಷಗಳಲ್ಲಿ 65 ಲಕ್ಷವನ್ನು ಮೀರಿತು. ಇದು ಸಣ್ಣ ಕಾರ್ಯವಲ್ಲ. ಇದನ್ನು ಮಾಡಿದವರಿಗೆ ಕೈಮುಗಿಯತಕ್ಕದ್ದೇ.

ಆದರೆ ಏರಿದ ಲೆಕ್ಕವು ಆ ಮೇಲೆ ಇಳಿಯಿತು. ಮುಖ್ಯವಾಗಿ ಆಗ್ನೇಯ ದಿಕ್ಕಿನ ಸಂಸ್ಥಾನಗಳಲ್ಲಿ, ಎಂದರೆ ಜಾರ್ಜಿಯಾ, ಅಲಬಾಮಾ, ಮಿಸ್ಸಿಸಿಪ್ಪಿ, ಅರ್ಕಾನ್ಸಾ ಮೊದಲಾದ ಕಡೆಗಳಲ್ಲಿ, ಒಂದು ಹೇಂಟೆಗೆ ಬೇಸಗೆಯಲ್ಲಿ ಕಾಣುವ ಮರಿಗಳ ಲೆಕ್ಕವು ಹಿಂದಿದ್ದುದಕ್ಕಿಂತ ಬಹಳ ತಗ್ಗಿತು. ಕೂಗು ಕೇಳಿಸುತ್ತಿದ್ದ ತೋಪುಗಳು ಸುಮ್ಮನಾದುವೆಂದು ಬೇಟೆಗಾರರೇ ದೂರತೊಡಗಿದರು. ಈ ಸಂಸ್ಥಾನಗಳಲ್ಲಿ ಹಲವು ಬೇಟೆಯನ್ನು ಬಹು ಬೇಗ ತೆರೆಯುತ್ತ ಬಂದವು. ಇದು ಬರಿಯ ಕಾಕತಾಳೀಯವೋ ಅಲ್ಲವೋ ಎಂಬುದೇ ವಾದದ ಗಂಟು.

ಬೇಗ ತೆರೆಯುವವರ ಮೊದಲನೆಯ ಸಮರ್ಥನೆಯು ಕೋಳಿಗೂಡಿನ ಲೆಕ್ಕ. ಒಂದು ಹುಂಜವು ಹಲವು ಹೇಂಟೆಗಳಿಗೆ ಸಾಕು. ಒಮ್ಮೆ ಕೂಡಿದ ಹೇಂಟೆಯು ಕೆಲವು ವಾರಗಳವರೆಗೆ ಬೀಜವನ್ನು ಒಡಲಲ್ಲಿ ಕಾದಿಟ್ಟುಕೊಂಡು ಮರಿಯಾಗುವ ಮೊಟ್ಟೆಗಳನ್ನಿಡಬಲ್ಲುದು. ಆದುದರಿಂದ ಉಳಿದ ಹುಂಜಗಳೆಲ್ಲ ಹೆಚ್ಚುವರಿ, ಕೊಂದರೆ ನಷ್ಟವಿಲ್ಲ ಎನ್ನುವರು. ಹೇಳಿದ ಸಂಗತಿಗಳೆಲ್ಲ ನಿಜವೇ. ತೀರ್ಮಾನವು ಮಾತ್ರ ಕಾಡಿಗೆ ಹೊಂದುವುದಿಲ್ಲ. ಕಾಡಿನ ಹುಂಜಗಳಲ್ಲಿ ಮೇಲುಕೀಳುಗಳ ಕಟ್ಟುಪಾಡೊಂದಿದೆ. ಕ್ರಾಕವರ್ ಎಂಬ ವಿದ್ವಾಂಸರು ಕ್ಯಾಲಿಫೋರ್ನಿಯಾದಲ್ಲಿ ನಡಸಿ 2005ರಲ್ಲಿ ಪ್ರಕಟಿಸಿದ ಪರಿಶೋಧನೆಯಿಂದ ಒಂದು ವಿಚಿತ್ರವು ಹೊರಬಿದ್ದಿತು. ಅಣ್ಣತಮ್ಮ ಹುಂಜಗಳು ಜೊತೆಗೂಡಿ ಹೇಂಟೆಯ ಮುಂದೆ ಬಾಲವನ್ನು ಬಿಚ್ಚುವುವು, ಆದರೆ ಸಂತತಿಯನ್ನು ಪಡೆಯುವುದು ಹಿರಿಯದೊಂದೇ. ಕಿರಿಯವು ಅಣ್ಣನ ಮೂಲಕ ತಮ್ಮ ಕುಲದ ಬೀಜವು ಉಳಿಯುವುದರಲ್ಲಿಯೇ ಫಲವನ್ನು ಕಾಣುವುವು. ರಾಮಲಕ್ಷ್ಮಣರ ದೇಶದವರಾದ ನಮಗೆ ಇದು ಅರ್ಥವಾಗದ ಮಾತಲ್ಲ. ಈಗ ಹೇಳಲಿ, ಈ ಜೋಡಿಯಲ್ಲಿ ಹೆಚ್ಚುವರಿ ಯಾವುದು? ಹಿರಿಯದು ಬಿದ್ದರೆ ಹೇಂಟೆಯು ಆರಿಸಿಕೊಂಡುದೇ ಬಿದ್ದಿತು. ಎರಡು ವರ್ಷದ ಎಳೆಹುಂಜವು ಬಿದ್ದರೆ, ಅದು ಕರೆಗೆ ಬೇಗ ಮರುಳಾಗುವುದರಿಂದ ಬೀಳುವುದೇ ಹೆಚ್ಚು, ಮುಂದಿನ ವರ್ಷದ ಹಿರಿಯನು ಇಲ್ಲದಾದನು. ಹೆಚ್ಚುವರಿಯೆಂಬುದು ಕಾಗದದ ಮೇಲಿನ ಅಂಕಿ. ಗುಂಡಿಗೆ ಅಂಕಗಣಿತ ಬಾರದು.

ಎರಡನೆಯ ಸಮರ್ಥನೆಯು ಕೂಗಿನದು. ಮಾರ್ಚಿಯಲ್ಲಿ ಹುಂಜವು ಕೂಗುತ್ತಿರುವಾಗ ಕೋವಿಯನ್ನು ಗೋಡೆಗೆ ತೂಗುಹಾಕಿ ಕುಳಿತಿರಬೇಕೇ? ವಸಂತದ ಬೇಟೆಯ ಸೊಗಸೆಲ್ಲವೂ ಕೂಗಿನಲ್ಲಿಯೇ ಇಲ್ಲವೇ? ಎಂದು ಕೇಳುವರು. ಈ ಪ್ರಶ್ನೆಯಲ್ಲಿಯೇ ಅದರ ಖಂಡನೆಯೂ ಅಡಗಿದೆ. ದಕ್ಷಿಣ ಕೆರೊಲಿನಾದ ಸವಾನಾ ನದಿಯ ಬಳಿಯಲ್ಲಿ ಸರ್ಕಾರದ ದೊಡ್ಡ ಭೂಭಾಗವೊಂದಿದೆ. ಅಲ್ಲಿ ಬೇಟೆಯಾಡುವ ಕಡೆಯೂ ಆಡದ ಕಡೆಯೂ ಇರುವುದರಿಂದ, ಮರಗಳಿಗೆ ತಾವಾಗಿಯೇ ದನಿಯನ್ನು ಹಿಡಿಯುವ ಯಂತ್ರಗಳನ್ನು ಕಟ್ಟಿ ವರ್ಷವರ್ಷವೂ ಕೂಗುಗಳನ್ನು ಎಣಿಸಿದರು. ಬೇಟೆಯು ತೊಡಗಿದೊಡನೆ ಅಲ್ಲಿ ಕೂಗು ಕುಗ್ಗಿತು. ಬೇಟೆಯಿಲ್ಲದ ಕಡೆಯಲ್ಲಿ ಕೂಗು ಋತುವಿನುದ್ದಕ್ಕೂ ತನ್ನ ಕ್ರಮದಲ್ಲಿ ನಡೆಯಿತು. ಸತ್ತ ಹಕ್ಕಿ ಕೂಗದೆಂಬುದು ಒಂದು; ಉಳಿದ ಹಕ್ಕಿ ಬಾಯಿ ಬಿಗಿಹಿಡಿಯುವುದೆಂಬುದು ಇನ್ನೊಂದು. ಕೂಗನ್ನು ಕೇಳುವ ಆಸೆಯಿಂದ ಬಾಗಿಲನ್ನು ಬೇಗ ತೆರೆದವನು ತೆರೆದ ಕೈಯಿಂದಲೇ ಕೂಗಿನ ಬಾಯನ್ನು ಮುಚ್ಚಿದನು. ಗಾಯಕನನ್ನು ಆಲಾಪನೆಯಲ್ಲಿಯೇ ಕತ್ತು ಹಿಸುಕಿ, ಪಲ್ಲವಿಯು ಕೇಳಿಸಲಿಲ್ಲವೆಂದು ಸಭೆಯಲ್ಲಿ ಗೊಣಗುವ ರಸಿಕರು ಇವರು.

ಹಳೆಯ ಅನುಭವಸ್ಥರು ಹೇಳುತ್ತ ಬಂದಿರುವ ಪ್ರಕಾರ ಕೂಗಿಗೆ ಎರಡು ಭರತಗಳುಂಟು: ಚಳಿಗಾಲದ ಹಿಂಡುಗಳು ಒಡೆದು ಹೇಂಟೆಗಳು ಇನ್ನೂ ಮನಸ್ಸು ಮಾಡದಿರುವಾಗ ಒಂದು, ಹೇಂಟೆಗಳು ಕಾವಿಗೆ ಕುಳಿತು ಹುಂಜಗಳು ಒಂಟಿಯಾದಾಗ ಇನ್ನೊಂದು. ಯಂತ್ರಗಳು ಎಣಿಸಿದ ಲೆಕ್ಕವು ಎಲ್ಲೆಡೆಯೂ ಇಷ್ಟು ಅಚ್ಚುಕಟ್ಟಾಗಿ ಬಾರದಿದ್ದರೂ, ಹೇಂಟೆಗಳು ದೂರವಾದಾಗ ಹುಂಜವು ಕರೆಗೆ ಬೇಗ ಓಗೊಡುವುದೆಂಬುದನ್ನು ಯಾರೂ ಅಲ್ಲಗಳೆಯರು. ವಸಂತದ ಬೇಟೆಯು 1950ರ ನಂತರ ಹಬ್ಬಿದಾಗ ಅದಕ್ಕೆ ಆಧಾರವಾಗಿದ್ದ ಯುಕ್ತಿಯೂ ಇದೇ. ಹೇಂಟೆಯು ನೆಲದ ಮೇಲೆ, ಪೊದೆಯ ಮರೆಯಲ್ಲಿ, ಹೆಚ್ಚು ಕಡಿಮೆ ದಿನಕ್ಕೊಂದರಂತೆ 10–12 ಮೊಟ್ಟೆಗಳನ್ನಿಟ್ಟು 28 ದಿನ ಕಾವು ಕೊಡುವುದು. ಮೊಟ್ಟೆಯಿಡುವ ಎರಡು ವಾರಗಳಲ್ಲಿ ಅದು ಹುಂಜಗಳ ಸುತ್ತಮುತ್ತ ಓಡಾಡಿಕೊಂಡಿರುವುದು. ಕಾವಿಗೆ ಕುಳಿತ ಮೇಲೆ ಕೋವಿಯ ದಾರಿಯಿಂದ ದೂರವಾಗುವುದು. ಆಗ ಹುಂಜಗಳನ್ನು ಹೊಡೆದರೆ ಕೂಟವೂ ಮುಗಿದಿರುವುದು, ಹೇಂಟೆಗೆ ತಪ್ಪಿ ಗುಂಡು ತಗಲುವ ಭಯವೂ ಕಡಿಮೆ. ಹೀಲಿ ಮತ್ತು ಪೊವೆಲ್ ಎಂಬವರು ಸರ್ಕಾರದ ಇಲಾಖೆಗಾಗಿ ಬರೆದ ಕೈಪಿಡಿಯಲ್ಲಿ, ಹೇಂಟೆಗಳಲ್ಲಿ ಅರ್ಧದಷ್ಟು ಕಾವಿಗೆ ಕುಳಿತಿರುವ ಹೊತ್ತಿಗೆ ಬೇಟೆಯು ತೆರೆಯಲೆಂದು ಸೂಚಿಸಿರುವುದೂ ಇದಕ್ಕಾಗಿಯೇ. ಆದಕಾರಣ ತಡಮಾಡಿರೆಂಬುದು ಬೇಟೆಯ ಶತ್ರುಗಳು ತಂದ ಹೊಸ ಮತವಲ್ಲ. ವಸಂತದ ಬೇಟೆಗೆ ಸಮ್ಮತಿಯನ್ನು ಕೊಟ್ಟ ಮೂಲ ಕರಾರೇ ಅದು. ಕರಾರಿನ ಲಾಭವನ್ನು ಇಟ್ಟುಕೊಂಡು ಷರತ್ತನ್ನು ಮರೆತವರು ಬೇಗ ತೆರೆಯುವವರು.

ಇಲ್ಲಿ ನಮ್ಮ ಪುರಾಣದ ಮಾತೊಂದು ನೆನಪಿಗೆ ಬರುವುದು. ಮಹಾಭಾರತದ ಆದಿಪರ್ವದಲ್ಲಿ ಪಾಂಡುರಾಜನು, ಕೂಡುತ್ತಿದ್ದ ಜಿಂಕೆಯನ್ನು ಬಾಣದಿಂದ ಹೊಡೆದು, ಜಿಂಕೆಯ ರೂಪದಲ್ಲಿದ್ದ ಕಿಂದಮನೆಂಬ ಋಷಿಯ ಶಾಪಕ್ಕೆ ಗುರಿಯಾದ ಕಥೆಯನ್ನು ಬಲ್ಲದವರಿಲ್ಲ. ಆದರೆ ಅವರಿಬ್ಬರಿಗೂ ನಡೆದ ವಾದವನ್ನು ಎಷ್ಟು ಮಂದಿ ಗಮನಿಸಿರುವರು? ಮೃಗಯೆಯು ಅರಸರಿಗೆ ವಿಹಿತವೆಂದು ಪಾಂಡುವು ವಾದಿಸಿದನು. ಋಷಿಯು ಅದನ್ನು ಅಲ್ಲವೆನ್ನಲಿಲ್ಲ. ಮೃಗವನ್ನು ಕೊಂದುದಕ್ಕಾಗಿ ನಾನು ನಿನ್ನನ್ನು ನಿಂದಿಸುತ್ತಿಲ್ಲ, ಕೂಟವು ಮುಗಿಯುವವರೆಗೆ ನೀನು ಕಾಯಬೇಕಾಗಿದ್ದಿತು ಎಂಬ ಅರ್ಥದ ಉತ್ತರವನ್ನೇ ಕೊಟ್ಟನು. ಎಂದರೆ, ಆಕ್ಷೇಪವು ಬಾಣಕ್ಕಲ್ಲ, ಹೊತ್ತಿಗೆ. ಜೀವಶಾಸ್ತ್ರಜ್ಞರು ಹೇಂಟೆಗಳ ಬೆನ್ನಿಗೆ ಯಂತ್ರವನ್ನು ಕಟ್ಟಿ ಬೆನ್ನಟ್ಟಿ ತಲಪಿದ ಸೂತ್ರವನ್ನು ಈ ಋಷಿಯು ಸಾಯುವ ಹೊತ್ತಿನಲ್ಲಿ ಒಂದೇ ಮಾತಿನಲ್ಲಿ ಹೇಳಿದನು. ಹೀಗೆಂದು ನಮ್ಮ ಹಿಂದಿನವರಿಗೆ ಎಲ್ಲವೂ ತಿಳಿದಿದ್ದಿತೆಂದು ಜಂಬ ಕೊಚ್ಚುವುದು ನಮ್ಮ ಉದ್ದೇಶವಲ್ಲ. ಕಲ್ಯಾಣದ ಚಾಳುಕ್ಯನಾದ ಮೂರನೆಯ ಸೋಮೇಶ್ವರನು 12ನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಪಳಗಿಸಿದ ಮೃಗವನ್ನು ಮುಂದಿಟ್ಟು ಕಾಡಿನ ಮೃಗವನ್ನು ಸೆಳೆದು ಕೊಲ್ಲುವ ಬಗೆಯೂ ಉಂಟು. ಇಂದಿಗೂ, 1972ರ ಕಾನೂನು ನಿಷೇಧಿಸಿದ್ದರೂ, ಕೂಗುವ ಗೌಜಲಹಕ್ಕಿಯನ್ನು ಪಂಜರದಲ್ಲಿಟ್ಟು ಅದರ ಕೂಗಿಗೆ ಬರುವ ಹಕ್ಕಿಗಳನ್ನು ಹಿಡಿಯುವವರು ನಮ್ಮ ಬಯಲುಸೀಮೆಗಳಲ್ಲಿಯೂ ಇಲ್ಲದಿಲ್ಲ. ಕಳ್ಳಕೂಗಿನ ವಿದ್ಯೆಯಲ್ಲಿ ನಾವು ಯಾರಿಗೂ ಕಡಿಮೆಯವರಲ್ಲ!

ಎದುರು ಪಕ್ಷದ ಕೈಯಲ್ಲಿ ಬಲವಾದ ಆಯುಧವೊಂದಿದೆ. ಅದನ್ನು ಮರೆಮಾಚುವುದು ಪ್ರಾಮಾಣಿಕವಲ್ಲ. ಜಾರ್ಜಿಯಾ ವಿಶ್ವವಿದ್ಯಾಲಯದ ಚೇಂಬರ್ಲಿನ್ ಮೊದಲಾದ ವಿದ್ವಾಂಸರು, ಹಿರಿಯ ಹುಂಜಗಳನ್ನು ಬೇಗ ತೆಗೆದುಬಿಟ್ಟರೆ ಹಿಂಡಿನ ಕಟ್ಟುಪಾಡು ಕದಡಿ ಹೇಂಟೆಗಳ ಗೂಡುಕಟ್ಟುವಿಕೆಯೇ ಕೆಡಬಹುದೆಂದು ಊಹಿಸಿದ್ದರು. ಟೆನೆಸ್ಸೀ ಸಂಸ್ಥಾನದಲ್ಲಿ ಈ ಊಹೆಯನ್ನು ಪರೀಕ್ಷೆಗೆ ಒಡ್ಡಿದರು. ಕೆಲವು ಜಿಲ್ಲೆಗಳಲ್ಲಿ ಬೇಟೆಯನ್ನು 14 ದಿನ ತಡಮಾಡಿ, ಇನ್ನು ಕೆಲವು ಜಿಲ್ಲೆಗಳಲ್ಲಿ ಹಿಂದಿನಂತೆಯೇ ಬಿಟ್ಟು, ಎರಡು ಕಡೆಯ ಹೇಂಟೆಗಳನ್ನೂ ವರ್ಷಗಟ್ಟಲೆ ಬೆನ್ನಟ್ಟಿದರು. 2024ರಲ್ಲಿ ಪ್ರಕಟವಾದ ಫಲವೇನೆಂದರೆ, ತಡಮಾಡಿದ ಕಡೆಯಲ್ಲಿ ಗೂಡುಗಳು ಬೇಗನೆ ಆರಂಭವಾಗಲೂ ಇಲ್ಲ, ಹೆಚ್ಚಾಗಿ ಉಳಿಯಲೂ ಇಲ್ಲ. ಇದನ್ನು ಹಿಡಿದುಕೊಂಡು, ನೋಡಿರಿ, ತಡಮಾಡುವುದು ವ್ಯರ್ಥವೆಂದು ಸಿದ್ಧವಾಯಿತು ಎಂದು ಡಂಗುರ ಹೊಡೆಯುತ್ತಿರುವರು.

ಸಿದ್ಧವಾದುದೇನು? ಆ ಜಿಲ್ಲೆಗಳಲ್ಲಿ 14 ದಿನಗಳ ತಡದಿಂದ ಗೂಡುಗಳ ಫಲವು ಹೆಚ್ಚಲಿಲ್ಲವೆಂಬುದು. ಅದನ್ನು ಒಪ್ಪಿಕೊಳ್ಳಲೇಬೇಕು, ಬೇಗನೆ ತೆರೆದುದರಿಂದಲೇ ಗೂಡುಗಳು ಹಾಳಾದುವೆಂದು ನಮ್ಮ ಪಕ್ಷದವರಲ್ಲಿ ಯಾರಾದರೂ ಇನ್ನು ಮುಂದೆ ಗಟ್ಟಿಯಾಗಿ ಹೇಳಿದರೆ ಅವರ ಬಾಯನ್ನು ನಾವೇ ಮುಚ್ಚಿಸತಕ್ಕದ್ದು. ಆದರೆ ಅಲ್ಲಿ ಅಳೆದುದು ಹೇಂಟೆಯ ಫಲವನ್ನು. ಹುಂಜಗಳ ಸಂಖ್ಯೆಯು ವರ್ಷದಿಂದ ವರ್ಷಕ್ಕೆ ಏನಾಗುವುದು, ಹಿರಿಯ ಹುಂಜಗಳು ಎಷ್ಟು ಉಳಿಯುವುವು, ಕೂಗು ಎಷ್ಟು ದಿನ ನಡೆಯುವುದು, ಹೇಂಟೆಗಳಿಗೆ ಗುಂಡು ತಪ್ಪಿ ತಗಲುವುದು ಎಷ್ಟು, ಎಂಬಿವಕ್ಕೆ ಹೇಂಟೆಯ ಗೂಡಿನ ಲೆಕ್ಕವು ಉತ್ತರ ಕೊಡಲಾರದು. ಔಷಧದಿಂದ ಕೆಮ್ಮು ನಿಲ್ಲಲಿಲ್ಲವೆಂದ ಮಾತ್ರಕ್ಕೆ ಅದು ಜ್ವರಕ್ಕೂ ನಿಷ್ಪ್ರಯೋಜಕವೆಂದು ಯಾವ ವೈದ್ಯನು ಹೇಳುವನು? ಮೇಲಾಗಿ, ಸಾಕ್ಷ್ಯವನ್ನು ಒದಗಿಸುವ ಹೊಣೆಯು ಯಾರದು? ಕುಂದುತ್ತಿರುವ ಹಕ್ಕಿಯನ್ನು ಅದು ಕೂಡುವ ಕಾಲದಲ್ಲಿಯೇ ಕೊಲ್ಲುವೆನೆಂಬವನು, ಅದರಿಂದ ಕೇಡಿಲ್ಲವೆಂದು ತಾನು ತೋರಿಸತಕ್ಕದ್ದೇ ಹೊರತು, ಕೇಡುಂಟೆಂದು ನೀವು ತೋರಿಸುವವರೆಗೆ ಕೊಲ್ಲುತ್ತಿರುವೆನೆನ್ನುವುದು ಯಾವ ನ್ಯಾಯ?

ಇನ್ನು ಕೆಲವರು ಕೈಯನ್ನು ರಕೂನಿನ ಕಡೆಗೆ ತೋರಿಸುವರು. ಅಲ್ಲಿಯ ಗೂಡುಗಳಲ್ಲಿ ಮುಕ್ಕಾಲು ಪಾಲು ಮರಿಯಾಗದೆ ಹೋಗುವುದುಂಟು. ರಕೂನು, ಸ್ಕಂಕು, ಕಾಗೆ, ಹಾವು ಮೊಟ್ಟೆಗಳನ್ನು ತಿನ್ನುವುವು. ಕಾಡುಬೆಕ್ಕು ಕಾಯೋಟಿಗಳು ಹೇಂಟೆಯನ್ನೇ ಹಿಡಿಯುವುವು. ಹೊರಟ ಮರಿಗಳು ಮರಕ್ಕೆ ಹಾರುವ ಬಲ ಬರುವ ಎರಡು ವಾರಗಳೊಳಗೆ ನೆಲದ ಮೇಲೆ ರಾತ್ರಿ ಕಳೆಯುತ್ತ ಬಹುಪಾಲು ಸಾಯುವುವು. ತುಪ್ಪುಳಿನ ಬೆಲೆ ಇಳಿದುದರಿಂದ ರಕೂನುಗಳನ್ನು ಹಿಡಿಯುವವರಿಲ್ಲ. ಕಾಡಿನ ತಳಕ್ಕೆ ಕಾಲಕಾಲಕ್ಕೆ ಬೆಂಕಿಯಿಡದೆ ಹುಲ್ಲುಗಾವಲುಗಳು ಪೊದೆಯಾಗಿ ಮುಚ್ಚಿಹೋಗಿವೆ. ಇವೆಲ್ಲವನ್ನೂ ಬಿಟ್ಟು ನಮ್ಮ ಕೋವಿಯ ಮೇಲೇಕೆ ಬೀಳುವಿರಿ? ಎನ್ನುವರು. ಒಂದು ಮಾತಿಗೂ ನಾವು ಅಡ್ಡ ಹೇಳುವುದಿಲ್ಲ. ಮೂಲರೋಗವು ಅಲ್ಲಿಯೇ ಇರಬಹುದು. ಆದರೆ ರಕೂನಿಗೆ ನೋಟೀಸು ಕಳುಹಿಸಲಾಗುವುದಿಲ್ಲ. ಸಾವಿರಾರು ಖಾಸಗಿ ಒಡೆಯರ ಕೈಯಲ್ಲಿರುವ ಕಾಡನ್ನು ಹಸನು ಮಾಡಲು ಒಂದು ತಲೆಮಾರು ಬೇಕು. ಬೇಟೆಯ ದಿನವೊಂದೇ, ಸರ್ಕಾರದ ಮಂಡಲಿಯು ಒಂದು ಸಂಜೆ ಕುಳಿತು ಒಂದು ಸಾಲಿನಲ್ಲಿ ಬದಲಿಸಬಹುದಾದ ವಿಷಯ. ಮನೆಗೆ ಬೆಂಕಿ ಬಿದ್ದಾಗ ಗಾಳಿಯನ್ನು ದೂರುತ್ತ, ಕೈಯಲ್ಲಿರುವ ಕೊಡದ ನೀರನ್ನು ಚೆಲ್ಲದಿರುವವನನ್ನು ಏನೆಂದು ಕರೆಯೋಣ?

ಕೋವಿಯಾದರೂ ಹಿಂದಿನ ಕೋವಿಯಾಗಿ ಉಳಿದಿದೆಯೇ? ಟಂಗ್‌ಸ್ಟನ್ ಲೋಹದ ಚರೆಗಳು ಬಂದ ಮೇಲೆ, ಹಿಂದೆ ಹುಂಜವು ನಿರ್ಭಯವಾಗಿ ನಿಲ್ಲುತ್ತಿದ್ದ ದೂರವೂ ಸಾವಿನ ದೂರವಾಯಿತು. ಬೇಟೆಗಾರನು ಬಿಚ್ಚಿದ ಬಾಲದ ಬೀಸಣಿಗೆಯನ್ನು ಮುಂದೆ ಹಿಡಿದು ಅದರ ಮರೆಯಲ್ಲಿ ತೆವಳುತ್ತ ಹೋಗುವ ಪದ್ಧತಿಯೊಂದು ಹಬ್ಬಿದೆ; ಎದುರಾಳಿ ಹುಂಜವು ಬಂದಿತೆಂದು ಕೆರಳಿದ ಹಕ್ಕಿಯು ತಾನೇ ಓಡಿಬಂದು ಕೋವಿಯ ಬಾಯಿಗೆ ಬೀಳುವುದು. ಮೊದಲು ಹೇಳಿದ ಕುಶಲತೆ ಸೈರಣೆಗಳಿಗೆ ಇದರಲ್ಲಿ ಎಡೆಯೆಲ್ಲಿ? ಅಲಬಾಮಾದವರು 2022ರಲ್ಲಿ ಬೇಟೆಯ ಮೊದಲ 10 ದಿನ ಹುಸಿಹಕ್ಕಿಗಳನ್ನಿಡಕೂಡದೆಂದು ವಿಧಿಸಿ, ಒಬ್ಬನಿಗೆ 5 ಹುಂಜಗಳೆಂದಿದ್ದುದನ್ನು 4ಕ್ಕೆ ಇಳಿಸಿದರು. ಅದೇ ವರ್ಷ ಜಾರ್ಜಿಯಾದವರು ಆರಂಭವನ್ನು ಮಾರ್ಚಿಯಿಂದ ಏಪ್ರಿಲಿಗೆ ತಳ್ಳಿ, 3 ಎಂದಿದ್ದುದನ್ನು 2 ಮಾಡಿದರು. ಟೆನೆಸ್ಸೀಯಲ್ಲಿಯೂ 2023ರಲ್ಲಿ ಆರಂಭವು ಏಪ್ರಿಲ್ ನಡುವಿಗೆ ಹೋಗಿ ಮಿತಿಯು 2ಕ್ಕೆ ಇಳಿಯಿತು. ಇವೆಲ್ಲವನ್ನೂ ಬೇಟೆಯನ್ನು ದ್ವೇಷಿಸುವವರು ಮಾಡಿದರೇ? ಬೇಟೆಯ ಚೀಟಿಯ ಹಣದಿಂದಲೇ ನಡೆಯುವ ಮಂಡಲಿಗಳು ಮಾಡಿದುವು.

ಹಣವನ್ನು ಕೊಟ್ಟವರು ನಾವು, ದಿನವನ್ನು ಗೊತ್ತುಮಾಡುವವರೂ ನಾವೇ ಎಂಬುದು ಕಡೆಯ ಮಾತು. ದೇವಸ್ಥಾನವನ್ನು ಕಟ್ಟಿಸಿದ ಸಾಹುಕಾರನಿಗೆ ಮೊದಲನೆಯ ಪ್ರಸಾದವು ಸಲ್ಲುವುದು ನಮ್ಮಲ್ಲಿಯೂ ಉಂಟು. ಆದರೆ ಅವನು ನೈವೇದ್ಯಕ್ಕೆ ಮೊದಲೇ ಎಲೆ ಹಾಕಿಕೊಂಡು ಕುಳಿತರೆ ಅರ್ಚಕನು ಎಬ್ಬಿಸುವನು.

ಇಷ್ಟನ್ನು ಓದಿದವರಲ್ಲಿ ಕೆಲವರು, ಹಾಗಿದ್ದರೆ ಬೇಟೆಯನ್ನೇ ನಿಲ್ಲಿಸಬಾರದೇಕೆಂದು ಕೇಳುವರು. ನಮ್ಮ ದೇಶದಲ್ಲಿ ಕಾನೂನು ಹಾಗೆ ಮಾಡಿದೆ. ನಮ್ಮ ಜನಸಂದಣಿಗೂ ಕಾಡಿನ ಅಳವಿಗೂ ಅದೇ ಯುಕ್ತವೆಂದು ನಮ್ಮ ನಂಬಿಕೆ. ಆ ದೇಶದಲ್ಲಿಯಾದರೋ ಕಾಡಿನ ರಕ್ಷಣೆಯ ಹಣವೂ ಆಸ್ಥೆಯೂ ಬೇಟೆಯೊಡನೆ ಹೆಣೆದುಕೊಂಡಿವೆ. ಮುಂಬೆಳಗಿನ ಚಳಿಯಲ್ಲಿ ಒಂದು ಕೂಗಿಗಾಗಿ ಕಾದು ಕುಳಿತವನಷ್ಟು ಆ ಹಕ್ಕಿಯ ಇರವನ್ನು ಬಯಸುವವರು ಅಲ್ಲಿಯ ಪೇಟೆಗಳಲ್ಲಿ ಬಹಳ ಇರಲಾರರು. ಅವನ ಕೋವಿಯನ್ನು ಕಸಿದುಕೊಂಡರೆ ಅವನ ಆಸ್ಥೆಯೂ ಅದರೊಡನೆ ಹೋಗಬಹುದು. ಅವನಿಂದ ನಾವು ಕೇಳುವುದು ಕೆಲವು ವಾರಗಳ ತಾಳ್ಮೆಯನ್ನು ಮಾತ್ರ.

ಇನ್ನೊಂದು ಸಣ್ಣ ತಿದ್ದುಪಡಿಯನ್ನೂ ಕೇಳತಕ್ಕದ್ದುಂಟು. ನ್ಯೂಯಾರ್ಕ್ ಮೊದಲಾದ ಹಲವು ಸಂಸ್ಥಾನಗಳ ಕಾನೂನು ವಸಂತದಲ್ಲಿ ‘ಗಡ್ಡವುಳ್ಳ ಹಕ್ಕಿ’ಯನ್ನು ಹೊಡೆಯಬಹುದೆನ್ನುವುದು. ಎದೆಯಿಂದ ಜೋಲುವ ಕೂದಲಿನಂತಹ ಆ ಕುಚ್ಚು ಹುಂಜದ ಗುರುತೆಂಬುದು ನಿಜ; ಆದರೆ ಕೆಲವು ಹೇಂಟೆಗಳಿಗೂ ಅದು ಇರುವುದು. ಕಾನೂನಿನ ಮಾತು ಹೀಗಿರುವಾಗ ಮೊಟ್ಟೆ ತುಂಬಿದ ಹೇಂಟೆಯನ್ನು ಕೊಂದವನು ನಿರ್ದೋಷಿ. ನ್ಯೂಯಾರ್ಕಿನಲ್ಲಿ ಬೇಟೆಯು ಮೇ 1ರಂದು ತೆರೆದು, ದಿನದಿನವೂ ಮಧ್ಯಾಹ್ನ 12 ಗಂಟೆಗೆ ನಿಲ್ಲುವುದರಿಂದ ಹಾನಿಯು ಅಷ್ಟಾಗಿ ತೋರದಿರಬಹುದು. ಆದರೂ ಗಡ್ಡವನ್ನು ಬಿಟ್ಟು ಹುಂಜವೆಂದೇ ಬರೆದರೆ ಶಾಯಿಯೇನೂ ಹೆಚ್ಚು ಖರ್ಚಾಗದು.

ಮಿಸ್ಸಿಸಿಪ್ಪಿಯಲ್ಲಿ ಮಾತ್ರ ಬೇಟೆಯು ಮಾರ್ಚ್ 15ರ ಹೊತ್ತಿಗೇ ತೆರೆಯುವ ವಾಡಿಕೆಯಿದೆ. ಆ ಸೀಮೆಯ ಹೇಂಟೆಗಳಲ್ಲಿ ಹೆಚ್ಚಿನವು ಕಾವಿಗೆ ಕುಳ್ಳಿರುವುದು ಏಪ್ರಿಲ್ ತಿಂಗಳ ಉತ್ತರಾರ್ಧದಲ್ಲಿ. ನಡುವೆ ಒಂದು ತಿಂಗಳಿಗೂ ಮೇಲಾಯಿತು. ಕೂಟವೂ ಮೊಟ್ಟೆಯಿಡುವುದೂ ಎಲ್ಲವೂ ಈ ನಡುವಿನಲ್ಲಿಯೇ ನಡೆಯುವುವು, ಕೋವಿಗಳೂ ಈ ನಡುವಿನಲ್ಲಿಯೇ ಹೆಚ್ಚಾಗಿ ಸಿಡಿಯುವುವು. ಇದರಲ್ಲಿ ಮೂರು ವಾರಗಳನ್ನಾದರೂ ಅಲ್ಲಿಯ ಮಂಡಲಿಯವರು ಹಕ್ಕಿಗೆ ಬಿಟ್ಟುಕೊಡಲಿ. ಏಪ್ರಿಲಿನ ಉಳಿದ ವಾರಗಳೂ ಮೇ ತಿಂಗಳ ಮೊದಲ ದಿನಗಳೂ ಬೇಟೆಗಾರನ ಪಾಲಿಗೆ ಇದ್ದೇ ಇರುವುವು. ಆಗಲೂ ಮುಂಬೆಳಗಿನಲ್ಲಿ ಗೂಬೆ ಕರೆದರೆ ಹುಂಜವು ಕೂಗುವುದು.